ಅರ್ಥಶಾಸ್ತ್ರದ ಪ್ರವೇಶ ಕೋರ್ಸ್: ಒಂದು ವಿಮರ್ಶೆ

ಅರ್ಥಶಾಸ್ತ್ರವೆಂದರೆ ಹಣದ ಲೆಕ್ಕಾಚಾರವಷ್ಟೇ ಎಂದುಕೊಂಡು ಈ ಆನ್‌ಲೈನ್ ಕೋರ್ಸಿಗೆ ಸೇರಿದ್ದ ನನ್ನ ಗ್ರಹಿಕೆಯನ್ನು ಮೊದಲ ಪಾಠವೇ ತಿದ್ದಿತು. ಬಯಕೆಗಳು ಹಲವು, ಅವನ್ನು ಪೂರೈಸುವ ಸಾಧನಗಳು ವಿರಳ, ಆ ಸಾಧನಗಳಿಗೋ ಪರ್ಯಾಯ ಉಪಯೋಗಗಳಿವೆ. ಇಂಥ ಸ್ಥಿತಿಯಲ್ಲಿ ಮನುಷ್ಯ ಮಾಡುವ ಆಯ್ಕೆಯ ಅಧ್ಯಯನವೇ ಅರ್ಥಶಾಸ್ತ್ರ ಎಂದು 1932ರಲ್ಲಿ ಬ್ರಿಟಿಷ್ ಅರ್ಥಶಾಸ್ತ್ರಜ್ಞ ಲಿಯೊನೆಲ್ ರಾಬಿನ್ಸ್ ನೀಡಿದ ವ್ಯಾಖ್ಯೆಯನ್ನು ಅಧ್ಯಾಪಕರು ಸಂಜೆಯ ಎರಡು ಗಂಟೆಗಳ ಉದಾಹರಣೆಯಿಂದ ವಿವರಿಸಿದರು: ಆ ಹೊತ್ತನ್ನು ಓದಿಗೆ ಕೊಟ್ಟರೆ ಕೈತಪ್ಪುವ ದುಡಿಮೆಯ ಗಳಿಕೆಯೇ ಓದಿನ ಅವಕಾಶ ವೆಚ್ಚ. ಬೇಡಿಕೆ ಮತ್ತು ಪೂರೈಕೆಯ ರೇಖೆಗಳನ್ನು ಮಾತ್ರ ಅವಸರದಲ್ಲಿ ಮುಗಿಸಿದ್ದು ಬೇಸರ ತಂದಿತು. ಆದರೂ ಹಣದುಬ್ಬರ, ತೆರಿಗೆ, ನಿರುದ್ಯೋಗದ ಸುದ್ದಿಯನ್ನು ಕಾರಣಸಮೇತ ಅರಿಯಬಯಸುವ ಯಾವುದೇ ವಿಭಾಗದ ವಿದ್ಯಾರ್ಥಿಗೆ ಈ ಕೋರ್ಸನ್ನು ಮನಃಪೂರ್ವಕವಾಗಿ ಸೂಚಿಸುತ್ತೇನೆ.