ಎಲ್‌ಎನ್‌ಪಿ ಮಾಡಲು ಇಗ್ನೈಟ್ ಕೊಳ್ಳಬೇಕಾ?

ಎಂಆರ್‌ಎನ್‌ಎಯನ್ನು (ಪ್ರೋಟೀನ್ ಕಟ್ಟಲು ಕೋಶಕ್ಕೆ ಸೂಚನೆ ಒಯ್ಯುವ ಅಣು) ಕೊಬ್ಬಿನ ಪುಟ್ಟ ಕಣಗಳಲ್ಲಿ, ಅಂದರೆ ಎಲ್‌ಎನ್‌ಪಿಗಳಲ್ಲಿ (ಲಿಪಿಡ್ ನ್ಯಾನೊಪಾರ್ಟಿಕಲ್) ತುಂಬಿ ಜೀವಕೋಶಕ್ಕೆ ಮುಟ್ಟಿಸುವುದು ನನ್ನ ಕೆಲಸ. ಬೆಂಗಳೂರಿನ ನಮ್ಮ ಲ್ಯಾಬಿನಲ್ಲಿ ಇದಕ್ಕೆ ನ್ಯಾನೊಅಸೆಂಬ್ಲರ್ ಇಗ್ನೈಟ್ ಎಂಬ ಬೆರೆಸುವ ಯಂತ್ರ ಇದೆ. ಕೆನಡಾದ ವ್ಯಾಂಕೂವರ್‌ನಲ್ಲಿ ಹುಟ್ಟಿದ ಯಂತ್ರ. ಈಗ ಸೈಟಿವಾ ಕಂಪನಿಯದು.

ಒಂದು ಸಿರಿಂಜಿನಲ್ಲಿ ಎಥನಾಲ್‌ನಲ್ಲಿ ಕರಗಿಸಿದ ಲಿಪಿಡ್ (ಕೊಬ್ಬು) ಹಾಕುತ್ತೇವೆ. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಆನ್‌ಪ್ಯಾಟ್ರೊ ಎಂಬ ಎಲ್‌ಎನ್‌ಪಿ ಔಷಧದ ಅಳತೆಯೇ ನಮ್ಮದೂ: ಎಂಸಿ3, ಡಿಎಸ್‌ಪಿಸಿ, ಕೊಲೆಸ್ಟ್ರಾಲ್, ಪೆಗ್-ಲಿಪಿಡ್ ಎಂಬ ನಾಲ್ಕು ಲಿಪಿಡ್‌ಗಳು, ಮೋಲ್ ಲೆಕ್ಕದಲ್ಲಿ 50:10:38.5:1.5. ಇನ್ನೊಂದು ಸಿರಿಂಜಿನಲ್ಲಿ ಪಿಎಚ್ 4ರ ಬಫರ್‌ನಲ್ಲಿ ಆರ್‌ಎನ್‌ಎ. ಬಫರ್ ಮೂರು ಪಾಲು, ಎಥನಾಲ್ ಒಂದು ಪಾಲು, ವೇಗ ನಿಮಿಷಕ್ಕೆ 12 ಮಿಲಿ. 2 ಮಿಲಿ ಬೆರೆಸಲು 10 ಸೆಕೆಂಡು ಸಾಕು.

ನಾವು ದುಡ್ಡು ಕೊಡುವುದು ಆ 10 ಸೆಕೆಂಡಿಗೇ. ಎಥನಾಲ್ ಬೇಗ, ಸಮನಾಗಿ ಬೆರೆತರೆ ಕಣ ಚಿಕ್ಕದಾಗಿ, ಹೆಚ್ಚುಕಮ್ಮಿ ಒಂದೇ ಗಾತ್ರದಲ್ಲಿ ಕಟ್ಟುತ್ತದೆ. ಪಿಪೆಟ್‌ನಿಂದ ಬೆರೆಸಿದರೆ ಒಬ್ಬೊಬ್ಬರ ಕೈಗೆ ಒಂದೊಂದು ಗಾತ್ರ ಬರುತ್ತದೆ. ಇಗ್ನೈಟ್‌ನಲ್ಲಿ ಹೊಸದಾಗಿ ಸೇರಿದ ವಿದ್ಯಾರ್ಥಿನಿ ಮಾಡಿದರೂ 80 ನ್ಯಾನೊಮೀಟರ್ ಆಸುಪಾಸೇ, ಪಿಡಿಐ (ಕಣಗಳ ಗಾತ್ರ ಎಷ್ಟು ಹರಡಿದೆ ಅನ್ನುವ ಅಳತೆ; ಕಡಿಮೆ ಇದ್ದಷ್ಟೂ ಒಳ್ಳೆಯದು) 0.1ರ ಹತ್ತಿರವೇ. ನನಗೆ ಇದಕ್ಕಿಂತ ಬೇಕಾದದ್ದು ಬೇರೆ ಇಲ್ಲ. ಫಲಿತಾಂಶ ಬದಲಾದದ್ದು ಲಿಪಿಡ್‌ನಿಂದಲೋ ಬೆರೆಸಿದ ಕೈಯಿಂದಲೋ ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ, ಅಲ್ವಾ?

ಎರಡೂ ದ್ರವ ಬೆರೆಯುವ ಕಾರ್ಟ್ರಿಡ್ಜ್ ಒಮ್ಮೆ ಬಳಸಿ ಎಸೆಯುವಂಥದ್ದು. ಸಣ್ಣ ಲ್ಯಾಬಿಗೆ ಯಂತ್ರಕ್ಕಿಂತ ಈ ಖರ್ಚೇ ಭಾರ ಅನ್ನಿಸಬಹುದು. ನಮಗೆ ತರಿಸಿಕೊಡುವ ಏಜೆಂಟರು ವಾರಗಟ್ಟಲೆ ಕಾಯಿಸಿದ್ದೂ ಉಂಟು. ಖಾಲಿಯಾಗುವ ಮುಂಚೆಯೇ ಆರ್ಡರ್ ಹಾಕಿ. ಸಿರಿಂಜಿನಲ್ಲಿ ಗಾಳಿಗುಳ್ಳೆ ಉಳಿಯದಂತೆ ನೋಡಿಕೊಳ್ಳಿ. ಶುರುವಿನಲ್ಲಿ ಬರುವ ಸ್ವಲ್ಪ ದ್ರವವನ್ನು ಯಂತ್ರವೇ ಬೇರೆ ಟ್ಯೂಬಿಗೆ ಬಿಡುತ್ತದೆ. ದುಬಾರಿ ಆರ್‌ಎನ್‌ಎ ಲೆಕ್ಕ ಹಾಕುವಾಗ ಅದನ್ನೂ ಸೇರಿಸಿ.

ಯಂತ್ರ ಬೆರೆಸಿಕೊಡುತ್ತದೆ, ಅಷ್ಟೇ. ಎಥನಾಲ್ ತೆಗೆದು ಪಿಎಚ್ 7.4ಕ್ಕೆ ತರಲು ಡಯಾಲಿಸಿಸ್‌ನಂಥದ್ದು (ಪೊರೆಯ ಮೂಲಕ ದ್ರವ ಬದಲಿಸುವುದು) ಮಾಡಲೇಬೇಕು. ಆರ್‌ಎನ್‌ಎ ಎಷ್ಟು ಒಳಗೆ ಸೇರಿದೆ ಅಂತ ಆರ್‌ಎನ್‌ಎಗೆ ಅಂಟಿ ಹೊಳೆಯುವ ರೈಬೋಗ್ರೀನ್ ಎಂಬ ಬಣ್ಣದಿಂದ ನೋಡಬೇಕು. ಆಮೇಲೆ ಸೀರಮ್ ಇಲ್ಲದ ಮೀಡಿಯಂನಲ್ಲಿ ಕೋಶಗಳಿಗೆ ಹಾಕಿಬಿಟ್ಟು, ಒಳಗೆ ಹೋಗಲಿಲ್ಲ ಅಂತ ಸುಮ್ನೆ ಯಂತ್ರವನ್ನು ದೂರಬೇಡಿ. ಎಂಸಿ3 ಕಣದ ಮೈಗೆ ಸೀರಮ್‌ನಲ್ಲಿರುವ ಅಪೊಇ ಪ್ರೋಟೀನ್ ಅಂಟಿದರೆ ತಾನೇ ಲಿವರ್ ಕೋಶ ಅದನ್ನು ಚೆನ್ನಾಗಿ ಒಳಗೆಳೆದುಕೊಳ್ಳುವುದು! ಅಪೊಇ ಸೇರಿಸಿ ನೋಡಿ.

ಬೇರೆ ಬೇರೆ ಲಿಪಿಡ್ ಹೋಲಿಸಿ ಇಲಿಗಳ ಮೇಲಿನ ಪ್ರಯೋಗದವರೆಗೂ ಹೋಗುವವರು ಖಂಡಿತ ಕೊಳ್ಳಿ. ಎರಡು ಮೂರು ಲ್ಯಾಬ್ ಸೇರಿ ಕೊಂಡರೆ ಇನ್ನೂ ಒಳ್ಳೆಯದು. ಕೆಲವೇ ಹನಿ ಸಾಕು ಅನ್ನುವವರಿಗೆ ಇದೇ ಸಾಲಿನ ಸ್ಪಾರ್ಕ್ ಇದೆ. ಒಂದೇ ಫಾರ್ಮುಲಾವನ್ನು ಜಾಸ್ತಿ ಪ್ರಮಾಣದಲ್ಲಿ ಮಾಡುವವರು ಮೊದಲು ಸಿರಿಂಜ್ ಪಂಪ್, ಟಿ-ಮಿಕ್ಸರ್ (ಎರಡು ದ್ರವ ಸೇರುವ ಟಿ ಆಕಾರದ ಕೊಳವೆ) ಹಾಕಿ ನೋಡಿ.