ಹೈಸ್ಕೂಲ್ ಮಕ್ಕಳ ಉದ್ಯಾನ ವಿನ್ಯಾಸಕ್ಕೆ ಸ್ವೀಟ್ ಹೋಮ್ 3ಡಿ

ವಿಜಯಪುರದ ಹೈಸ್ಕೂಲ್ ಲ್ಯಾಬಿಗೆ ನಮ್ಮ ಆಯ್ಕೆ ಸ್ವೀಟ್ ಹೋಮ್ 3ಡಿ ಎಂಬ ವಿನ್ಯಾಸ ತಂತ್ರಾಂಶ. ಇಂಥದ್ದೇ ಇನ್ನೊಂದು ತಂತ್ರಾಂಶವಾದ ಸ್ಕೆಚಪ್‌ನ ಉಚಿತ ಆವೃತ್ತಿ ಬ್ರೌಸರಿನಲ್ಲಿ ನಡೆಯುವಂಥದ್ದು. ನೆಟ್ ಹೋದರೆ ಪಾಠವೂ ನಿಂತಂತೆ. ಸ್ವೀಟ್ ಹೋಮ್ 3ಡಿಯೂ ಉಚಿತ, ಒಮ್ಮೆ ಇನ್‌ಸ್ಟಾಲ್ ಮಾಡಿದರೆ ನೆಟ್ ಬೇಡ.

ಶಾಲೆಯ ಅಂಗಳವನ್ನು ಟೇಪಿನಿಂದ ಅಳೆದು ಬರೆದ ನಕ್ಷೆಯನ್ನು ಹಿನ್ನೆಲೆ ಚಿತ್ರವಾಗಿ ಹಾಕಿ. ಆಗ ತಂತ್ರಾಂಶ ಗೊತ್ತಿರುವ ಒಂದು ಅಳತೆ ಕೇಳುತ್ತದೆ. ಕಂಪೌಂಡಿನ ಉದ್ದನೆಯ ಗೋಡೆಯನ್ನೇ ಕೊಡಿ. ಗೇಟಿನ ಅಗಲ ಕೊಟ್ಟರೆ ಸಣ್ಣ ತಪ್ಪೂ ಇಡೀ ನಕ್ಷೆಯಲ್ಲಿ ಹಿಗ್ಗುತ್ತದೆ. ಪರದೆಯ ನಕ್ಷೆಯಲ್ಲಿರುವ ದಿಕ್ಸೂಚಿಯ ಮೇಲೆ ಡಬಲ್ ಕ್ಲಿಕ್ ಮಾಡಿ ಉತ್ತರ ದಿಕ್ಕು, ಅಕ್ಷಾಂಶ 16.8, ರೇಖಾಂಶ 75.7 ತುಂಬಿ. ತಂತ್ರಾಂಶವೇ ರಚಿಸುವ ಫೋಟೊಗೆ ಮೇಲಿನ ಗುಣಮಟ್ಟ, ಏಪ್ರಿಲ್ ಮಧ್ಯಾಹ್ನ 3 ಗಂಟೆ ಆರಿಸಿದರೆ ಬೇವಿನ ನೆರಳು ಎಲ್ಲಿ ಬೀಳುತ್ತದೆಂದು ಮಕ್ಕಳಿಗೇ ಕಾಣುತ್ತದೆ. ನಮ್ಮ ಬಿಸಿಲ ನಾಡಿಗೆ ಇದಕ್ಕಿಂತ ಬೇಕಾದ ಪಾಠ ಇನ್ನೊಂದಿಲ್ಲ!

ಮನೆಯೊಳಗಿನ ವಿನ್ಯಾಸಕ್ಕೆಂದು ಮಾಡಿದ್ದರಿಂದ ಗಿಡಗಳು ಕಡಿಮೆ, ಏರಿಳಿತದ ನೆಲ ಕಷ್ಟ. ಮರದ ಮಾದರಿಗಳನ್ನು ಮೊದಲೇ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತನ್ನಿ.