ಲಕ್ಷ್ಮೀ ರಸ್ತೆ ಹಿಂದಿನ ಫ್ರೇಮ್ ಅಂಗಡಿ: ಕೆಲಸಕ್ಕೆ ನಾಲ್ಕು ನಕ್ಷತ್ರ, ಮಾತಿಗೆ ಎರಡು

ವಾಯುಪಡೆಯಲ್ಲಿದ್ದಾಗ ಮೂರು ವರ್ಷ ಅಸ್ಸಾಮಿನ ಛಬುವಾದಲ್ಲಿ ಕೈಗೆ ಗ್ರೀಸ್ ಮೆತ್ತಿಕೊಂಡವನು ನಾನು. 1944ರ ಜನವರಿ 25ರಂದು ಚೀನಾದ ಕುನ್‌ಮಿಂಗ್‌ನಿಂದ ಅದೇ ಛಬುವಾಕ್ಕೆ ಹೊರಟ ಅಮೆರಿಕದ ಬಿ-24 ಬಾಂಬರ್ ತಲುಪಲೇ ಇಲ್ಲ. ಒಳಗೆ ಎಂಟು ಜನ. ವಿಮಾನದ ಅವಶೇಷ ಅರುಣಾಚಲದ ಬೆಟ್ಟದಲ್ಲಿ ಸಿಕ್ಕಿದ್ದು 2006ರಲ್ಲಿ. ಆ ಎಂಟರಲ್ಲಿ ಒಬ್ಬ, ಡಿಎನ್‌ಎ ಪರೀಕ್ಷೆಯಿಂದ ಗುರುತು ಸಿಕ್ಕ ರಾಬರ್ಟ್ ಆಕ್ಸ್‌ಫರ್ಡ್, ಅಮೆರಿಕದ ಜಾರ್ಜಿಯಾದ ತನ್ನೂರಿನ ಮಣ್ಣು ಸೇರಿದ್ದು 2017ರಲ್ಲಿ. ಆ ಸುದ್ದಿಯ ಪತ್ರಿಕೆ ತುಣುಕಿಗೆ ಕಟ್ಟು ಹಾಕಿಸಲು ಪುಣೆಯ ಈ ಅಂಗಡಿಗೆ ಹೋದೆ.

ಮಾಲೀಕರು ಮುಖವನ್ನೂ ನೋಡದೆ ಎಂಟು ದಿನ ಎಂದರು, ಹದಿನೆಂಟು ಹಿಡಿಯಿತು. ಅದರ ಮೇಲೆ ಗಾಜು ನೇರವಾಗಿ ಕಾಗದಕ್ಕೆ ಒತ್ತಿತ್ತು. ಇಲ್ಲಿನ ಮಳೆಗಾಲದ ತೇವಕ್ಕೆ ಕಾಗದ ಗಾಜಿಗೆ ಅಂಟಿದರೆ ಬಿಡಿಸುವವರು ಯಾರು?

ನನ್ನ ಗೊಣಗಾಟ ಕೇಳಿ ಒಳಗಿನಿಂದ ಕಲಬುರಗಿಯ ಹುಡುಗ ಬಂದ. "ಕನ್ನಡದವರೇನು ಕಾಕಾ? ಕೊಡಿ ಇಲ್ಲಿ." ಮೊಳೆ ಒಂದೊಂದಾಗಿ ಕಿತ್ತ. ತುಣುಕಿನ ಸುತ್ತ ದಪ್ಪ ರಟ್ಟಿನ ಅಂಚು ಕೂರಿಸಿ ಗಾಜನ್ನು ಬೆರಳಿನಷ್ಟು ಎತ್ತರಿಸಿದ. ಹಿಂಬದಿಗೆ ಕಂದು ಕಾಗದ ಅಂಟಿಸುತ್ತ, "ಇವರು ನಿಮಗೇನಾಗಬೇಕು?" ಎಂದ.

"ಏನೂ ಅಲ್ಲಪ್ಪ. ಇವರು ಇಳಿಯಬೇಕಿದ್ದ ಊರಿನಲ್ಲಿ ನಾನು ಕೆಲಸ ಮಾಡಿದ್ದೆ."

ಕೈ ಒಂದು ಕ್ಷಣ ನಿಂತಿತು. ಆಮೇಲೆ ಗಾಜನ್ನು ಇನ್ನೊಮ್ಮೆ ಒರೆಸಿದ.

ಒಟ್ಟು 650 ರೂಪಾಯಿ, ರಿಪೇರಿಗೆ ಬೇರೆ ಕಾಸಿಲ್ಲ. ಹೋಗುವವರು ಆ ಹುಡುಗನನ್ನೇ ಕೇಳಿ. ಮಧ್ಯಾಹ್ನ ಒಂದರಿಂದ ನಾಲ್ಕು ಬಾಗಿಲು ಹಾಕಿರುತ್ತದೆ, ಹಗಲು ನಿದ್ದೆಗೆ ಹೆಸರಾದ ಪುಣೆಯಲ್ಲವೇ.